ಎಫ್‌ಸಿ ಆದ ಮಾತ್ರಕ್ಕೆ ಲಾರಿ ಗಟ್ಟಿ ಇದೆ ಎಂದಲ್ಲ

ಮಾನ್ಯ ಸಂಪಾದಕರೇ,

ಕಬ್ಬು ಅರೆಯುವ ಹಂಗಾಮು ಶುರುವಾದರೆ ಮಂಡ್ಯ ಜಿಲ್ಲೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಮೈಷುಗರ್, ಪಾಂಡವಪುರ, ಕೆ.ಎಂ. ದೊಡ್ಡಿ, ಕೊಪ್ಪ, ಮಾಕವಳ್ಳಿ ಕಾರ್ಖಾನೆಗಳತ್ತ ಹಗಲೂ ರಾತ್ರಿ ಕಬ್ಬಿನ ಲೋಡು ಹರಿಯುತ್ತದೆ. ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳ ಓಡಾಟ ವರ್ಷವಿಡೀ ಇದ್ದೇ ಇದೆ. ಮೈಸೂರಿನ ಕಡೆ ಕಡಕೊಳ, ನಂಜನಗೂಡು, ಕೂರ್ಗಳ್ಳಿಯ ಕಾರ್ಖಾನೆಗಳಿಗೆ ಹೋಗಿಬರುವ ಲಾರಿಗಳದ್ದೇ ಇನ್ನೊಂದು ಸಾಲು. ಅಪಘಾತವಾದಾಗ ಮಾತ್ರ ಸುದ್ದಿಯಲ್ಲಿ ಎರಡೇ ಕಾರಣ: ‘ಬ್ರೇಕ್ ಫೇಲ್’ ಅಥವಾ ‘ಚಾಲಕನ ನಿಯಂತ್ರಣ ತಪ್ಪಿ’. ಲಾರಿ ಕೆಲಸ ಬಲ್ಲ ಯಾರೂ ಇದನ್ನು ಪೂರ್ತಿ ಒಪ್ಪಲಾರರು. ಬ್ರೇಕು ಏಕಾಏಕಿ ಕೈಕೊಡುವುದು ಅಪರೂಪ. ಕೈಕೊಡುವ ಮೊದಲು ಅದು ದಿನಗಟ್ಟಲೆ ಸೂಚನೆ ಕೊಟ್ಟಿರುತ್ತದೆ. ನೋಡುವವರು ಇರಬೇಕು, ಅಷ್ಟೇ.

ನೋಡುವ ಕೆಲಸವನ್ನೆಲ್ಲ ನಾವು ಎಫ್‌ಸಿ (ಗಾಡಿ ಓಡಿಸಲು ಯೋಗ್ಯವಾಗಿದೆ ಎಂಬ ಆರ್‌ಟಿಒ ಪ್ರಮಾಣಪತ್ರ) ಮೇಲೆ ಹಾಕಿ ಕುಳಿತಿದ್ದೇವೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಸರಿಯೇ. ಆದರೆ ಆ ದಿನಕ್ಕೆಂದು ಒಳ್ಳೆಯ ಟೈರುಗಳನ್ನು ಬೇರೆ ಗಾಡಿಯಿಂದ ಬಿಚ್ಚಿ ತಂದು ಹಾಕಿ, ಎಫ್‌ಸಿ ಮುಗಿದ ಸಂಜೆಯೇ ಹಳೆಯ ಬೋಳು ಟೈರು ಮತ್ತೆ ಏರಿಸುವುದು ಈ ಕಸುಬಿನಲ್ಲಿ ಯಾರಿಗೂ ಗುಟ್ಟಲ್ಲ. ಹಿಂಬದಿ ಬಂಪರ್, ಸೈಡ್ ಗಾರ್ಡ್, ಪ್ರತಿಫಲಕ ಪಟ್ಟಿ, ವೇಗ ನಿಯಂತ್ರಕಗಳ ಪಾಡೂ ಅದೇ. ಲಾರಿ ಆ ಒಂದು ದಿನ ಸರಿಯಾಗಿತ್ತು ಎಂಬುದಕ್ಕೆ ಎಫ್‌ಸಿ ಸಾಕ್ಷಿ. ಉಳಿದ ದಿನಗಳ ಹೊಣೆ ಮಾಲೀಕರದ್ದು, ಚಾಲಕರದ್ದು, ಲೋಡು ತುಂಬಿಸುವವರದ್ದು. ಗಾಡಿ ಹೊರಡುವ ಮೊದಲು ಕಾಲು ಗಂಟೆ ಕೊಟ್ಟರೆ ಏನೇನು ಗೊತ್ತಾಗುತ್ತದೆ ಎಂಬುದನ್ನು ಬಿಡಿಸಿ ಬರೆಯುವುದೇ ಈ ಪತ್ರದ ಉದ್ದೇಶ.

ಬ್ರೇಕಿನಿಂದಲೇ ಶುರು ಮಾಡೋಣ. ದೊಡ್ಡ ಲಾರಿಗಳಲ್ಲಿ ಇರುವುದು ಏರ್ ಬ್ರೇಕ್. ಎಂಜಿನ್ ಚಾಲೂ ಮಾಡಿ ಗಾಳಿ ಪೂರ್ತಿ ತುಂಬಲು ಬಿಡಬೇಕು. ಸಾಮಾನ್ಯವಾಗಿ ಗೇಜಿನ ಮುಳ್ಳು 7ರಿಂದ 8 ಬಾರ್ (ಗಾಳಿಯ ಒತ್ತಡದ ಅಳತೆ) ಹತ್ತಿರ ನಿಂತು, ಹೆಚ್ಚಿನ ಗಾಳಿ ‘ಭುಸ್’ ಎಂದು ಹೊರಹೋಗುವ ಸದ್ದು ಕೇಳಬೇಕು. ಈಗ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ಒತ್ತಿದ ತಕ್ಷಣ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಒಂದು ನಿಮಿಷ ಅದು ಅಲ್ಲೇ ನಿಲ್ಲಬೇಕು. ಕಣ್ಣೆದುರೇ ಜಾರುತ್ತಿದ್ದರೆ ಪೈಪು, ಕಪ್ಲಿಂಗ್, ಚೇಂಬರಿನ (ಗಾಳಿಯ ಬಲದಿಂದ ಬ್ರೇಕ್ ತಳ್ಳುವ ಡಬ್ಬಿ) ಡಯಾಫ್ರಮ್, ಇವುಗಳಲ್ಲಿ ಒಂದು ಸೋರುತ್ತಿದೆ. ಎಂಜಿನ್ ಆರಿಸಿದ್ದರಿಂದ ಸೋರುವ ಜಾಗದ ಸದ್ದು ಕಿವಿಗೇ ಸಿಗುತ್ತದೆ. ಸಿಗದಿದ್ದರೆ ಸೋಪಿನ ನೀರು ಹಚ್ಚಿ ನೋಡಬೇಕು.

ಮುಂದೆ, ಇಗ್ನಿಷನ್ ಆನ್ ಇಟ್ಟು ಪೆಡಲನ್ನು ಪದೇ ಪದೇ ಒತ್ತಿ ಗಾಳಿ ಇಳಿಸಿ. ಸುಮಾರು 4.5ರಿಂದ 5 ಬಾರ್ ಹೊತ್ತಿಗೆ ಎಚ್ಚರಿಕೆಯ ಬಜರ್ ಕೂಗಬೇಕು, ಕೆಂಪು ದೀಪ ಹತ್ತಬೇಕು. ಎಷ್ಟೋ ಲಾರಿಗಳಲ್ಲಿ ‘ಕಿರಿಕಿರಿ’ ಎಂದು ಈ ಬಜರ್‌ನ ವೈರನ್ನೇ ಕಿತ್ತಿರುತ್ತಾರೆ. ಗಾಳಿ ಇಳಿದದ್ದನ್ನು ಹೇಳಲು ಇರುವ ಒಂದೇ ಬಾಯಿಯನ್ನು ಹೊಲಿದಂತಾಯಿತು ಅದು.

ಏರ್ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವನ್ನು ದಿನವೂ ಎಳೆದು ನೀರು ಬಿಡಬೇಕು. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲಿನ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ನೀರು ನಿಂತಷ್ಟೂ ಗಾಳಿಗೆ ಜಾಗ ಕಡಿಮೆ, ವಾಲ್ವುಗಳಿಗೆ ತುಕ್ಕು. ನೀರಿನ ಜೊತೆ ಕಪ್ಪು ಎಣ್ಣೆ ಬಂದರೆ ಕಂಪ್ರೆಸರ್ ರಿಂಗ್ ಸವೆದಿದೆ ಎಂದರ್ಥ. ಆ ಎಣ್ಣೆ ಮುಂದೆ ಹೋಗಿ ರಬ್ಬರ್ ಸೀಲುಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ಏರ್ ಡ್ರೈಯರ್ ಇರುವ ಹೊಸ ಗಾಡಿಗಳಲ್ಲಿ ನೀರು ಬಹಳ ಕಡಿಮೆ ಇರಬೇಕು. ಅದರಲ್ಲೂ ನೀರು ಬರುತ್ತಿದ್ದರೆ ಡ್ರೈಯರ್‌ನ ಕಾರ್ಟ್ರಿಜ್ ಬದಲಿಸುವ ಕಾಲ ಬಂದಿದೆ.

ಸ್ಲ್ಯಾಕ್ ಅಡ್ಜಸ್ಟರ್ (ಚೇಂಬರಿನ ರಾಡನ್ನು ಬ್ರೇಕಿಗೆ ಜೋಡಿಸಿ ಅದರ ಸಡಿಲ ಸರಿಪಡಿಸುವ ತೋಳು) ಬಗ್ಗೆ ಗ್ಯಾರೇಜಿನ ಹೊರಗೆ ಮಾತನಾಡುವವರೇ ಕಡಿಮೆ. ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ, ಅಂದರೆ ಲೈನರ್, ಸವೆದಂತೆ ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚುತ್ತದೆ, ಚೇಂಬರಿನ ಪುಶ್ ರಾಡ್ ಹೆಚ್ಚು ದೂರ ಚಾಚಬೇಕಾಗುತ್ತದೆ. ಚಾಚುವ ಮಿತಿ ಮುಟ್ಟಿದ ಮೇಲೆ ಪೆಡಲ್ ಎಷ್ಟೇ ಒತ್ತಿದರೂ ಆ ಚಕ್ರ ಹಿಡಿಯುವುದಿಲ್ಲ. ಗೇಜಿನಲ್ಲಿ ಮಾತ್ರ ಗಾಳಿ ಭರ್ತಿ. ಪರೀಕ್ಷೆಗೆ ಇಬ್ಬರು ಸಾಕು: ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಪಕ್ಕದಿಂದ ಬಗ್ಗಿ ಪ್ರತಿ ಚಕ್ರದ ರಾಡ್ ಎಷ್ಟು ಚಾಚುತ್ತದೆ ಎಂದು ನೋಡಲಿ. ಒತ್ತಿ ಹಿಡಿದಾಗ ರಾಡಿಗೂ ಅಡ್ಜಸ್ಟರಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನ ಇರಬೇಕು. ಎಡಬಲದ ಚಕ್ರಗಳಲ್ಲಿ ಚಾಚು ಬೇರೆ ಬೇರೆಯಾದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ ಅಡ್ಡ ತಿರುಗುತ್ತದೆ. ಆಟೊಮ್ಯಾಟಿಕ್ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ ಅದನ್ನು ಕೈಯಿಂದ ಪದೇ ಪದೇ ಬಿಗಿ ಮಾಡಬಾರದು. ಬಿಗಿ ಮಾಡುವ ಅಗತ್ಯ ಬರುತ್ತಿದೆ ಎಂದರೆ ಅಡ್ಜಸ್ಟರೋ, ಕ್ಯಾಮ್ ಬುಷ್ಷೋ ಹೋಗಿದೆ. ಅದನ್ನೇ ಬದಲಿಸಬೇಕು.

ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಟೀ ಕುಡಿಯಲು ನಿಲ್ಲಿಸಿದಾಗ ಒಂದು ಸುತ್ತು ಬಂದು ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕು ಕೆಲಸ ಮಾಡುತ್ತಿಲ್ಲ. ಒಂದು ಮಾತ್ರ ಕಾದ ಕಾವಲಿಯಾಗಿದ್ದರೆ ಅಲ್ಲಿ ಲೈನರ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಚಕ್ರದ ಡಿಸ್ಕಿನ ಒಳಮೈಗೆ ಗ್ರೀಸ್ ಎರಚಿದ ಗುರುತಿದ್ದರೆ ಹಬ್ಬಿನ ಆಯಿಲ್ ಸೀಲ್ ಹೋಗಿ ಲೈನರ್ ನೆನೆದಿದೆ. ನೆನೆದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಬಿಡಬೇಕು.

ಇನ್ನೊಂದು ಅಪಾಯದ ಪದ್ಧತಿ ಇದೆ. ದಾರಿಯಲ್ಲಿ ಗಾಳಿ ಸೋರಿ ಪಾರ್ಕಿಂಗ್ ಬ್ರೇಕ್ ತಾನಾಗಿ ಹಿಡಿದುಕೊಂಡರೆ, ಗಾಡಿ ಸರಿಸಲು ಸ್ಪ್ರಿಂಗ್ ಚೇಂಬರಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆ ಕಟ್ಟಿ ಹಾಕುತ್ತಾರೆ. ರಸ್ತೆಯಿಂದ ಬದಿಗೆ ತರುವಷ್ಟಕ್ಕೆ ಅದು ಸರಿ. ಹಾಗೇ ಮರೆತು ಲೋಡು ತುಂಬಿದರೆ ಆ ಚಕ್ರಕ್ಕೆ ಪಾರ್ಕಿಂಗ್ ಬ್ರೇಕೂ ಇಲ್ಲ, ಗಾಳಿ ಹೋದಾಗ ತಾನಾಗಿ ಹಿಡಿಯುವ ತುರ್ತು ಬ್ರೇಕೂ ಇಲ್ಲ.

ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಕೋಳಿಕ್ಕೋಡ್ ಕಡೆಗೆ ಇಳಿಯುವ ತಾಮರಶ್ಶೇರಿ ಘಾಟಿಯಲ್ಲಿ 9 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ಇಳಿಯುವ ದಿಂಬಂನಲ್ಲಿ 27. ಇಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವುದು ಪ್ರಾಣ ಪಣಕ್ಕಿಟ್ಟಂತೆ. ಎಂಜಿನ್ನಿನ ಹಿಡಿತ ತಪ್ಪಿದಾಗ ಇಡೀ ಭಾರ ಲೈನರ್ ಮೇಲೆ ಬೀಳುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ, ಕಾದ ಲೈನರಿನ ಹಿಡಿತವೂ ಇಳಿಯುತ್ತದೆ. ಏರುವಾಗ ಬೇಕಾದ ಗೇರನ್ನೇ ಇಳಿಯುವಾಗಲೂ ಹಾಕಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಆನ್ ಇಟ್ಟು, ಕಾಲು ಬ್ರೇಕನ್ನು ಸದಾ ಒತ್ತಿ ಹಿಡಿಯದೆ ಆಗಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಗೇರು ಬದಲಿಸುವುದಿದ್ದರೆ ಇಳಿಜಾರಿನ ತಲೆಯಲ್ಲೇ ಬದಲಿಸಬೇಕು, ಮಧ್ಯದಲ್ಲಿ ಅಲ್ಲ.

ಟೈರಿನ ವಿಷಯ. ಲಾರಿ ಟೈರಿನ ಗುಂಡಿಯ (ಮೇಲ್ಮೈಯಲ್ಲಿನ ಗೀರುಗಳ) ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಆದರೆ ಮೈಸೂರು ಭಾಗದ ಬೇಸಿಗೆಯಲ್ಲಿ ಟೈರ್ ಸಿಡಿಯುವುದಕ್ಕೆ ಮುಖ್ಯ ಕಾರಣ ಸವೆತಕ್ಕಿಂತ ಗಾಳಿ ಕಡಿಮೆ ಇರುವುದು. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದಕ್ಕೆ ಗಾಳಿ ಕಡಿಮೆಯಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹೊರಗಿನ ಟೈರ್ ಎರಡರ ಭಾರ ಹೊರುತ್ತದೆ, ಒಳಗಿನದರ ಪಕ್ಕ ಮಡಚಿ ಬಿಚ್ಚಿ ಕಾಯುತ್ತದೆ, ಒಳಪದರ (ಪ್ಲೈ) ಬಿಡುತ್ತದೆ. ರಾಡಿನಲ್ಲಿ ತಟ್ಟಿ ಸದ್ದು ಕೇಳುವ ಹಳೆಯ ವಿಧಾನದಿಂದ ಪೂರ್ತಿ ಪಂಕ್ಚರ್ ಗೊತ್ತಾದೀತು, 20–30 ಪೌಂಡ್ ಕಡಿಮೆ ಇರುವುದು ಗೊತ್ತಾಗದು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗೇಜ್ ಹಾಕಿಯೇ ನೋಡಬೇಕು. ಓಡಿ ಕಾದ ಟೈರಿನಲ್ಲಿ ಗಾಳಿ ಹೆಚ್ಚು ತೋರಿಸಿತೆಂದು ಬಿಡಬಾರದು, ತಣಿದ ಮೇಲೆ ಅದು ಕಡಿಮೆಯಾಗಿಬಿಡುತ್ತದೆ. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದೇ ಭಾರವೆಲ್ಲ ಹೊತ್ತು ಬೇಗ ಸಾಯುತ್ತದೆ. ಜಲ್ಲಿ ಸಾಗಿಸುವವರು ಜೋಡಿ ಟೈರಿನ ನಡುವೆ ಸಿಕ್ಕಿದ ಕಲ್ಲನ್ನು ಪ್ರತಿ ಲೋಡಿಗೂ ತೆಗೆಯಬೇಕು. ಆ ಕಲ್ಲು ಟೈರು ಸೀಳುವುದಲ್ಲದೆ ವೇಗದಲ್ಲಿ ಹಾರಿ ಹಿಂದಿನ ಬೈಕ್ ಸವಾರನಿಗೆ ಬಡಿಯುತ್ತದೆ. ರೀಟ್ರೆಡ್ ಟೈರನ್ನು (ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಕೂರಿಸಿದ್ದು) ಮುಂದಿನ ಆಕ್ಸಲ್‌ಗೆ ಹಾಕಲೇಬೇಡಿ. ಮುಂದಿನದು ಸಿಡಿದರೆ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ.

ವೀಲ್ ನಟ್ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅಥವಾ ತೂತಿನ ಸುತ್ತ ಕಬ್ಬಿಣ ಹೊಳೆಯುತ್ತಿದ್ದರೆ ನಟ್ ಸಡಿಲ. ಟೈರ್ ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬಿಗಿ ಮಾಡಲೇಬೇಕು. ಡಿಸ್ಕಿನ ಮೇಲೆ ದಪ್ಪಗೆ ಬಳಿದ ಬಣ್ಣ ಭಾರಕ್ಕೆ ಸವೆದು ಹೋದಂತೆ ನಟ್ ತಾನಾಗಿ ಸಡಿಲವಾಗುತ್ತದೆ. ಕಳಚಿ ಓಡಿದ ಚಕ್ರಗಳಲ್ಲಿ ಎಷ್ಟೋ ಹೀಗೆ ಹೋದವು.

ಇನ್ನು ಲೋಡು. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು. ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5ಕ್ಕೆ ಏರಿತು. ಇದು ಗಾಡಿಯ ಸ್ವಂತ ತೂಕವೂ ಸೇರಿದ ಲೆಕ್ಕ. ನಿಮ್ಮ ಗಾಡಿಗೆ ಅನ್ವಯಿಸುವುದು ಆರ್‌ಸಿಯಲ್ಲಿ (ನೋಂದಣಿ ಪತ್ರ) ನಮೂದಾದ ತೂಕ. ಅದರಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೇ ಹೇರಬಹುದಾದ ಸರಕು. ಖಾಲಿ ತೂಕ 6.5 ಟನ್ ಇದ್ದರೆ 18.5ರ ಗಾಡಿಗೆ 12 ಟನ್. ಎತ್ತರದ ಹಲಗೆ, ಕಬ್ಬಿಣದ ಚೌಕಟ್ಟು ಕಟ್ಟಿಸಿದ್ದರೆ ಅದರ ತೂಕವೂ ಇದರಲ್ಲೇ ಹೋಗುತ್ತದೆ.

ಎಂ-ಸ್ಯಾಂಡ್‌ನಲ್ಲಿ ಎಡವುವುದು ಇಲ್ಲೇ. ಒಂದು ಯೂನಿಟ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಒಣಗಿದ್ದರೆ ಸುಮಾರು ನಾಲ್ಕೂವರೆ ಟನ್, ತೊಳೆದು ಹಸಿಯಾಗಿದ್ದರೆ ಐದು ಟನ್ ತೂಗುತ್ತದೆ. ಮೂರು ಯೂನಿಟ್ ಹಸಿ ಮರಳು ಹಾಕಿದರೆ 15 ಟನ್. ಹೇಳಿದ ಆರು ಚಕ್ರದ ಗಾಡಿಗೆ ಮೂರು ಟನ್ ಹೆಚ್ಚಾಯಿತು. ಕಣ್ಣಳತೆಗೆ ಬಾಡಿ ತುಂಬಿಯೂ ಇರುವುದಿಲ್ಲ. ಯೂನಿಟ್ ಲೆಕ್ಕದಲ್ಲಿ ಮಾರುವುದು ಅವರವರ ವ್ಯಾಪಾರ, ಆದರೆ ಗಾಡಿ ಕ್ರಷರ್ ಗೇಟು ದಾಟುವುದು ವೇ ಬ್ರಿಡ್ಜ್ ಚೀಟಿಯ ಮೇಲೆಯೇ ಆಗಬೇಕು.

ದಂಡದ ಲೆಕ್ಕ ತಿಳಿಯದ ಮಾಲೀಕರು ಈಗಲೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಮೂರು ಟನ್ ಹೆಚ್ಚಿದ್ದರೆ 26,000, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು. ತೂಕ ಹಾಕಿಸಲು ಗಾಡಿ ನಿಲ್ಲಿಸದಿದ್ದರೆ 40,000. ಬಾಡಿಯಿಂದ ಪಕ್ಕಕ್ಕೆ, ಹಿಂದೆ ಮುಂದೆ ಚಾಚಿದ ಲೋಡಿಗೂ 20,000.

ಕಬ್ಬಿನ ಲಾರಿಗಳು ಸಿಕ್ಕಿಬೀಳಬೇಕಾದದ್ದು ಈ ಕೊನೆಯದರಲ್ಲಿ. ಗಾಡಿಯ ಅಗಲದ ಮಿತಿ 2.6 ಮೀಟರ್. ಗದ್ದೆಯಲ್ಲಿ ಅಡ್ಡಡ್ಡ ಪೇರಿಸಿದ ಕಬ್ಬು ಎರಡೂ ಕಡೆ ಹೊರಚಾಚಿದರೆ ಎದುರು ಬರುವ ಬೈಕ್ ಸವಾರನ ಮುಖದ ಮಟ್ಟಕ್ಕೇ ಇರುತ್ತದೆ. ಎತ್ತರ ಪೇರಿಸಿದಷ್ಟೂ ಗಾಡಿಯ ಭಾರ ಮೇಲಕ್ಕೆ ಹೋಗುತ್ತದೆ, ನಾಲೆ ಏರಿಯ ತಿರುವುಗಳಲ್ಲಿ ಒಂದು ಚಕ್ರ ಮಣ್ಣಿಗಿಳಿದರೆ ಸಾಕು, ಮಗುಚುತ್ತದೆ. ಗದ್ದೆಯಿಂದ ರಸ್ತೆಗೆ ಏರಿದ ಮೇಲೆ ಲೋಡು ಅದುರಿ ಕುಳಿತು ಕಟ್ಟಿದ ಸರಪಳಿ, ಹಗ್ಗ ಸಡಿಲವಾಗುತ್ತದೆ. ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿಯುವುದು ರೂಢಿಯಾಗಬೇಕು. ಅಕ್ಕಿ, ಬೆಲ್ಲದ ಮೂಟೆಗೆ ಟಾರ್ಪಾಲು ಹೊದಿಸಿದರೆ ಕಟ್ಟಿದಂತಾಗುವುದಿಲ್ಲ. ಟಾರ್ಪಾಲು ಮಳೆಗೆ, ಹಗ್ಗ ಲೋಡಿಗೆ.

ಕಬ್ಬಿನ ಸೋಗೆ ಇಳಿಬಿದ್ದು ಹಿಂದಿನ ದೀಪ, ಪ್ರತಿಫಲಕ ಎರಡನ್ನೂ ಮುಚ್ಚಿಬಿಡುತ್ತದೆ. ಕುಡುಗೋಲಿನಿಂದ ಸವರಿ ತೆಗೆಯಲು ಎರಡು ನಿಮಿಷ ಸಾಕು. ಪ್ರತಿಫಲಕ ಪಟ್ಟಿ 50 ಮಿಲಿಮೀಟರ್ ಅಗಲದ್ದು, ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಅಂಗಡಿಯಲ್ಲಿ ಸಿಗುವ ಅಗ್ಗದ ಹೊಳೆಯುವ ಸ್ಟಿಕ್ಕರ್ ಹಗಲು ಚೆನ್ನಾಗಿ ಕಾಣುತ್ತದೆ, ರಾತ್ರಿ ದೂರದ ಹೆಡ್‌ಲೈಟಿಗೆ ಬೆಳಗುವುದಿಲ್ಲ. ಹಚ್ಚಿದ ಮೇಲೆ ಕತ್ತಲಲ್ಲಿ ನೂರು ಮೀಟರ್ ದೂರ ನಿಂತು ಟಾರ್ಚ್ ಬಿಟ್ಟು ನೋಡಿ. ಒಳ್ಳೆಯ ಪಟ್ಟಿಯನ್ನೂ ಕೆಸರು, ಧೂಳು ಕುರುಡು ಮಾಡುತ್ತದೆ, ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಿಂಬದಿ ಅಡ್ಡಪಟ್ಟಿ ನೆಲದಿಂದ 550 ಮಿಲಿಮೀಟರ್‌ಗಿಂತ ಎತ್ತರ ಇರಕೂಡದು. ಕಾರು, ಬೈಕು ಲಾರಿಯ ಅಡಿಗೆ ನುಗ್ಗದಂತೆ ತಡೆಯಲು ಇರುವುದು ಅದು. ಟಿಪ್ಪರ್‌ಗಳಲ್ಲಿ ಗುಡ್ಡೆಗೆ ತಾಗುತ್ತದೆಂದು ಮೇಲಕ್ಕೆ ಬಗ್ಗಿಸುತ್ತಾರೆ, ಇಲ್ಲವೇ ಕತ್ತರಿಸಿ ಬಿಸಾಡಿ ಎಫ್‌ಸಿಗೆ ತೆಳು ಆಂಗಲ್ ಬೆಸೆಯುತ್ತಾರೆ. ಅಂಥ ಆಂಗಲ್ ಮೊದಲ ಹೊಡೆತಕ್ಕೇ ಮಡಚಿಕೊಳ್ಳುತ್ತದೆ.

ಕೆಟ್ಟು ನಿಂತ ಲಾರಿ ಓಡುವ ಲಾರಿಗಿಂತ ಅಪಾಯಕಾರಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಎಚ್ಚರಿಕೆಯ ಪ್ರತಿಫಲಕ ತ್ರಿಕೋನವನ್ನು ಹತ್ತು ಹೆಜ್ಜೆ ಹಿಂದೆ ಇಟ್ಟರೆ ಅದರ ಚಾಲಕನಿಗೆ ಸಿಗುವುದು ಅರ್ಧ ಸೆಕೆಂಡೂ ಅಲ್ಲ. ಊರ ರಸ್ತೆಯಲ್ಲಿ ಕನಿಷ್ಠ 50 ಮೀಟರ್, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಮೀಟರ್‌ಗೂ ಹೆಚ್ಚು ಹಿಂದೆ ಇಡಬೇಕು. ತಿರುವಿನಲ್ಲಿ ನಿಂತಿದ್ದರೆ ತಿರುವಿಗೆ ಮೊದಲೇ. ತ್ರಿಕೋನದ ಬದಲು ಕಲ್ಲು, ಹಸಿ ಕೊಂಬೆ ಇಡುವವರು ರಿಪೇರಿ ಮುಗಿದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಆ ಕಲ್ಲಿಗೆ ಬಿದ್ದು ಸಾಯುವವರು ಹಾಲಿನ ಡೇರಿಗೆ, ಕೆಲಸಕ್ಕೆ ಹೋಗುವ ನಮ್ಮ ಊರಿನವರೇ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಆರ್‌ಸಿ, ಎಫ್‌ಸಿ, ಪರ್ಮಿಟ್, ವಿಮೆ, ಹೊಗೆ ತಪಾಸಣೆ, ಡಿಎಲ್ ಎಲ್ಲವನ್ನೂ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಬಹುದು. ಎಫ್‌ಸಿ ಮುಗಿದ ಗಾಡಿ ಅಪಘಾತ ಮಾಡಿದರೆ, ವಿಮೆ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದಲೇ ವಸೂಲಿ ಮಾಡಲು ನ್ಯಾಯಾಲಯ ಆದೇಶಿಸಬಹುದು.

ಕೊನೆಯದಾಗಿ ಚಾಲಕರ ನಿದ್ದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಸತತ 5 ಗಂಟೆಯ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದಿತ್ತು. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಚಾಲಕನಿಗೆ ಅದು ಕಾಗದದ ಮೇಲಿನ ಮಾತಾಗಿಯೇ ಉಳಿಯಿತು. ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ರಾತ್ರಿಯಿಡೀ ಸರದಿಯಲ್ಲಿ ಅರ್ಧರ್ಧ ಗಂಟೆಗೊಮ್ಮೆ ಗಾಡಿ ಮುಂದಕ್ಕೆ ಸರಿಸುತ್ತಾ ಕುಳಿತವನು ಮಲಗಿದ ಲೆಕ್ಕವಲ್ಲ. ಬೆಳಿಗ್ಗೆ ಖಾಲಿ ಗಾಡಿ ಓಡಿಸಿಕೊಂಡು ಮತ್ತೆ ಗದ್ದೆಗೆ ಹೋಗುವಾಗ ಕಣ್ಣು ಎಳೆಯುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ, ಒಳ್ಳೆಯದು. ರಸ್ತೆಯಲ್ಲಿರುವ ಹಳೆಯ ಗಾಡಿಗಳಿಗೆ ಅದರಿಂದ ಏನೂ ಬದಲಾಗುವುದಿಲ್ಲ.

ಆದ್ದರಿಂದ ಕಾರ್ಖಾನೆಗಳವರಲ್ಲಿ ಕೇಳುವುದಿಷ್ಟು: ಲಾರಿಗೆ ಟೋಕನ್ ಜೊತೆ ಸಮಯವನ್ನೂ ಕೊಡಿ, ಮೊಬೈಲಿಗೆ ಸಂದೇಶ ಕಳಿಸಿ, ಯಾರ್ಡಿನಲ್ಲಿ ಚಾಲಕರು ಮಲಗಲು ಫ್ಯಾನು, ಶೌಚಾಲಯ, ನೀರಿನ ಸೌಕರ್ಯವಿರುವ ಒಂದು ಕೊಠಡಿ ಮಾಡಿ. ಗೇಟಿನಲ್ಲಿ ತೂಕದ ಜೊತೆಗೆ ಹಿಂದಿನ ದೀಪ, ಪ್ರತಿಫಲಕ, ಪಕ್ಕಕ್ಕೆ ಚಾಚಿದ ಕಬ್ಬು ನೋಡಲು ಒಬ್ಬರನ್ನು ನೇಮಿಸಿ. ದೀಪವಿಲ್ಲದ ಗಾಡಿ ರಾತ್ರಿ ಹೊರಗೆ ಬಿಡಬೇಡಿ, ಅಲ್ಲೇ ಬಲ್ಬ್, ಪಟ್ಟಿ ಸಿಗುವಂತೆ ಮಾಡಿ. ಆರ್‌ಟಿಒ ಅಧಿಕಾರಿಗಳು ಎಫ್‌ಸಿ ಆದ ತಿಂಗಳೊಳಗೆ ಅದೇ ಗಾಡಿಗಳಲ್ಲಿ ಕೆಲವನ್ನು ರಸ್ತೆಯಲ್ಲಿ ನಿಲ್ಲಿಸಿ, ಎಫ್‌ಸಿ ದಿನ ಬರೆದುಕೊಂಡ ಟೈರ್ ಸಂಖ್ಯೆಗೆ ಹೋಲಿಸಿ ನೋಡಲಿ. ಹಾಗೆ ನೋಡಬೇಕೆಂದರೆ ಎಫ್‌ಸಿ ದಿನವೇ ಆರೂ, ಹತ್ತೂ ಟೈರುಗಳ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯ ಫೋಟೊ ತೆಗೆದಿಡಬೇಕು. ಈ ಹಂಗಾಮಿನಿಂದಲೇ ಅದನ್ನು ಶುರು ಮಾಡಲು ಒಂದು ಮೊಬೈಲ್ ಫೋನ್ ಇದ್ದರೆ ಸಾಕು.

ಇಂತಿ,
ಲಾರಿ ದುರಸ್ತಿ ಮತ್ತು ಸಾಗಣೆ ಕೆಲಸದಲ್ಲಿರುವ ಓದುಗರು,
ಮಂಡ್ಯ